ಫ್ರಿಜ್ಜಿನಲ್ಲಿಟ್ಟ ಅಮಾನತು

ಕಳೆದ ವರ್ಷ ನನ್ನ ಸೊಸೆ ಮತ್ತೆ ಕೆಲಸಕ್ಕೆ ಹೊರಟು ನಿಂತಾಗ ಮೊಮ್ಮಗನಿಗೆ ನಾಲ್ಕು ತಿಂಗಳು ತುಂಬಿತ್ತಷ್ಟೆ. ಹೆರಿಗೆ ರಜೆ 26 ವಾರ ಇದ್ದರೂ, ವೈದ್ಯರು ವಿಶ್ರಾಂತಿ ಹೇಳಿದ್ದರಿಂದ ಅದರಲ್ಲಿ 8 ವಾರ ಹೆರಿಗೆಗೆ ಮೊದಲೇ ಕಳೆದುಹೋಗಿತ್ತು. ಆರು ತಿಂಗಳವರೆಗೆ ಮಗುವಿಗೆ ಎದೆಹಾಲಲ್ಲದೆ ಬೇರೇನೂ ಕೊಡಬಾರದೆಂದು ಅವಳ ಹಟ. "ಮಾಮಿ, ನಾನು ಹಾಲು ತೆಗೆದು ಫ್ರಿಜ್ಜಿನಲ್ಲಿಟ್ಟು ಹೋಗುತ್ತೇನೆ. ಹೊತ್ತಿಗೆ ಸರಿಯಾಗಿ ನೀವು ಕುಡಿಸಿದರೆ ಸಾಕು" ಎಂದಳು.

ಬೆಳಗಿನ ಮದ್ರಸ ಮುಗಿಸಿ ಎಂಟೂವರೆಗೆ ಮನೆ ಸೇರುವವಳು ನಾನು. ಹಗಲು ಮಗುವನ್ನು ನೋಡಿಕೊಳ್ಳಲು ನನಗೇನೂ ಕಷ್ಟವಿರಲಿಲ್ಲ. ಹೂಂ ಎಂದೆ. ಆದರೆ ಮನಸ್ಸಿಗೆ ಸಮಾಧಾನವಿರಲಿಲ್ಲ. ಎದೆಹಾಲನ್ನು ಬಾಟಲಿಗೆ ತುಂಬಿ, ಮೀನು ತರಕಾರಿ ಇಡುವ ಫ್ರಿಜ್ಜಿನಲ್ಲಿಡುವುದೆಂದರೇನು? ಅದು ತಂಗಳು ಹಾಲಲ್ಲವೇ? ಈಗಿನ ಹುಡುಗಿಯರಿಗೆ ಏನೇನೋ ಹೊಸತು ಎಂದುಕೊಂಡೆ.

ಮೂರನೆಯ ದಿನವೇ ನನ್ನಿಂದ ತಪ್ಪಾಯಿತು. ಹತ್ತು ಗಂಟೆಗೆ ಮಗು ಅಳತೊಡಗಿದಾಗ ಫ್ರಿಜ್ಜಿನಿಂದ ಬಾಟಲಿ ತೆಗೆದೆ. ಮೇಲೆ ದಪ್ಪ ಕೆನೆಯ ಪದರ, ಕೆಳಗೆ ನೀಲಿ ಛಾಯೆಯ ತೆಳ್ಳನೆಯ ನೀರು. ದನದ ಹಾಲು ಒಡೆದಂತೆಯೇ ಕಂಡಿತು. ಇನ್ನೊಂದು ಬಾಟಲಿಯೂ ಹಾಗೆಯೇ. ನನ್ನ ಅನುಮಾನ ನಿಜವಾಯಿತೆಂದುಕೊಂಡು ಎರಡನ್ನೂ ಸಿಂಕಿಗೆ ಸುರಿದೆ. ಅಂಗಡಿಯಿಂದ ಡಬ್ಬದ ಹಾಲಿನ ಪುಡಿ ತರಿಸಿ ಕಲಸಿ ಕುಡಿಸಿದೆ. ಮಗುವನ್ನು ಉಳಿಸಿದೆನೆಂಬ ಹೆಮ್ಮೆಯೂ ಇತ್ತು.

ಸಂಜೆ ಸೊಸೆ ಬಂದವಳೇ ಖಾಲಿ ಬಾಟಲಿಗಳನ್ನು ಕಂಡು, "ಎರಡೂ ಮುಗಿಸಿದನಾ ಮಾಮಿ?" ಎಂದು ಸಂತೋಷದಿಂದ ಕೇಳಿದಳು. ನಡೆದದ್ದನ್ನು ಹೇಳಿದೆ. ಅವಳು ಏನೂ ಅನ್ನಲಿಲ್ಲ. ಮಗುವನ್ನೆತ್ತಿಕೊಂಡು ಕೋಣೆಗೆ ಹೋದಳು. ಸ್ವಲ್ಪ ಹೊತ್ತಿನ ಬಳಿಕ ಚಹಾ ಕೊಡಲು ಹೋದಾಗ ಅವಳ ಕಣ್ಣು ಕೆಂಪಗಾಗಿತ್ತು. "ಮಾಮಿ, ಅದು ಒಡೆದದ್ದಲ್ಲ. ಎದೆಹಾಲು ಇಟ್ಟರೆ ಕೆನೆ ಬೇರೆಯಾಗುತ್ತದೆ. ಮೆಲ್ಲನೆ ಆಡಿಸಿದರೆ ಬೆರೆಯುತ್ತದೆ. ನಿನ್ನೆ ಊಟದ ಹೊತ್ತಿನಲ್ಲಿ ಸ್ಟೋರ್ ರೂಮಿನ ಬಾಗಿಲು ಹಾಕಿಕೊಂಡು ತೆಗೆದದ್ದು. ನಿನ್ನೆ ನಾನು ಊಟ ಮಾಡಿಲ್ಲ" ಎಂದಳು.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ನೆನಪಾದದ್ದು 1999ನೇ ಇಸವಿ. ನನ್ನ ಹಿರಿಯ ಮಗ, ಅಂದರೆ ಈ ಮಗುವಿನ ತಂದೆ, ಆಗ ಎರಡು ತಿಂಗಳ ಕೂಸು. ನಾನು ಆಗ ಒಂದು ಖಾಸಗಿ ಶಾಲೆಯಲ್ಲಿ ಕಲಿಸುತ್ತಿದ್ದೆ. ಕಾನೂನಿನಲ್ಲಿ 12 ವಾರಗಳ ರಜೆ ಇದ್ದರೂ ನನಗೆ ಅಷ್ಟು ಸಿಗಲಿಲ್ಲ, ಕೇಳುವ ಧೈರ್ಯವೂ ಇರಲಿಲ್ಲ. ಹನ್ನೊಂದು ಗಂಟೆಯಾಗುವಾಗ ಎದೆ ಕಲ್ಲಿನಂತಾಗುತ್ತಿತ್ತು. ಹಾಲು ಇಳಿದು ರವಿಕೆ ಒದ್ದೆಯಾದರೂ ಮೇಲೆ ಬುರ್ಖಾ ಇದ್ದುದರಿಂದ ಮಾನ ಉಳಿಯುತ್ತಿತ್ತು. ಬಿಡುವಿನ ಹೊತ್ತಿನಲ್ಲಿ ಶೌಚಾಲಯಕ್ಕೆ ಹೋಗಿ ಹಾಲು ಹಿಂಡಿ ನೀರು ಸುರಿದು ಬರುತ್ತಿದ್ದೆ. ಅದೇ ಹೊತ್ತಿಗೆ ಮನೆಯಲ್ಲಿ ಅತ್ತೆ ದನದ ಹಾಲಿಗೆ ನೀರು ಬೆರೆಸಿ ಮಗುವಿಗೆ ಕುಡಿಸುತ್ತಿದ್ದರು. ಭೇದಿಯಾಗಿ ಮಗು ಎರಡು ಬಾರಿ ಆಸ್ಪತ್ರೆ ಸೇರಿತು. ತಾಯಿಯ ಹಾಲು ಚರಂಡಿಗೆ, ದನದ ಹಾಲು ಮಗುವಿಗೆ. ಆ ಹಾಲನ್ನು ತೆಗೆದಿಡಬಹುದೆಂದು ನನಗೆ ಯಾರೂ ಹೇಳಲಿಲ್ಲ. ಈಗ ಹಾಗೆ ತೆಗೆದಿಟ್ಟವಳ ಹಾಲನ್ನು ನಾನೇ ಚರಂಡಿಗೆ ಸುರಿದಿದ್ದೆ.

ಮರುದಿನ ಸೊಸೆಯನ್ನು ಕೂರಿಸಿಕೊಂಡು, "ನನಗೆ ಮೊದಲಿನಿಂದ ಕಲಿಸು" ಎಂದೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದವಳು ವಿದ್ಯಾರ್ಥಿನಿಯಾದೆ.

ಕೈಯನ್ನು ಸಾಬೂನಿನಿಂದ ತೊಳೆಯದೆ ಬಾಟಲಿ ಮುಟ್ಟುವಂತಿಲ್ಲ. ಹಾಲು ತೆಗೆಯುವ ಪಂಪಿನ ಭಾಗಗಳು, ಬಾಟಲಿ, ಮುಚ್ಚಳ ಎಲ್ಲವನ್ನೂ ಪ್ರತಿಸಲ ತೊಳೆದು ಒಣಗಿಸಬೇಕು. ಆಗಷ್ಟೇ ತೆಗೆದ ಹಾಲು 25 ಡಿಗ್ರಿಯೊಳಗಿನ ಕೋಣೆಯಲ್ಲಿ 4 ಗಂಟೆ ಕೆಡುವುದಿಲ್ಲ. ನಮ್ಮ ಕರಾವಳಿಯ ಸೆಕೆಗೆ ಆ ಲೆಕ್ಕ ನಂಬುವಂತಿಲ್ಲ, ಕೂಡಲೇ ಫ್ರಿಜ್ಜಿಗೆ ಹೋಗಬೇಕು. ಫ್ರಿಜ್ಜಿನಲ್ಲಿ 4 ದಿನ ಇಡಬಹುದು. ಬಾಗಿಲಿನ ಗೂಡಿನಲ್ಲಿ ಇಡಬಾರದು, ಪದೇ ಪದೇ ತೆರೆದಾಗ ಅಲ್ಲಿ ತಂಪು ನಿಲ್ಲುವುದಿಲ್ಲ. ಒಳಗೆ ಹಿಂಬದಿಯಲ್ಲಿಡಬೇಕು. ಪ್ರತ್ಯೇಕ ಬಾಗಿಲಿರುವ, ಸೊನ್ನೆಗಿಂತ 18 ಡಿಗ್ರಿ ಕೆಳಗಿರುವ ಫ್ರೀಝರಿನಲ್ಲಿ 6 ತಿಂಗಳೊಳಗೆ ಬಳಸುವುದು ಉತ್ತಮ. ಒಂದೇ ಬಾಗಿಲಿನ ಫ್ರಿಜ್ಜಿನೊಳಗಿನ ಐಸಿನ ಗೂಡು ಅಷ್ಟು ತಂಪಾಗಿರುವುದಿಲ್ಲ, ಅಲ್ಲಿ ಎರಡು ವಾರಕ್ಕಿಂತ ಹೆಚ್ಚು ಇಡಬಾರದು. ಹೆಪ್ಪುಗಟ್ಟುವಾಗ ಹಾಲು ಉಬ್ಬುವುದರಿಂದ ಬಾಟಲಿಯನ್ನು ಕಂಠದವರೆಗೆ ತುಂಬಬಾರದು. ಒಂದು ಹೊತ್ತಿಗೆ ಬೇಕಾದಷ್ಟು, ಅಂದರೆ 60ರಿಂದ 120 ಮಿಲಿ ಮಾತ್ರ ಒಂದೊಂದು ಬಾಟಲಿಯಲ್ಲಿರಲಿ. ಆಗ ಚೆಲ್ಲುವುದು ಕಡಿಮೆ.

ಹೆಪ್ಪುಗಟ್ಟಿದ್ದನ್ನು ಕರಗಿಸಲು ಹಿಂದಿನ ರಾತ್ರಿಯೇ ಫ್ರೀಝರಿನಿಂದ ಕೆಳಗಿನ ಗೂಡಿಗೆ ಇಳಿಸಿಡಬೇಕು. ಅವಸರವಿದ್ದರೆ ಬಾಟಲಿಯನ್ನು ಉಗುರುಬೆಚ್ಚಗಿನ ನೀರಿನ ಪಾತ್ರೆಯಲ್ಲಿಡಬೇಕು. ದನದ ಹಾಲು ಕಾಯಿಸಿ ರೂಢಿಯಾದ ನನ್ನ ಕೈ ಒಲೆಯ ಕಡೆಗೇ ಹೋಗುತ್ತಿತ್ತು. ಆದರೆ ಎದೆಹಾಲನ್ನು ಕುದಿಸಬಾರದು, ಅದರ ಸತ್ವ ನಾಶವಾಗುತ್ತದೆ. ಮೈಕ್ರೋವೇವ್ ಒಲೆಯಂತೂ ಬೇಡವೇ ಬೇಡ. ಅದರಲ್ಲಿ ಹಾಲು ಒಂದು ಕಡೆ ತಣ್ಣಗೆ, ಇನ್ನೊಂದು ಕಡೆ ಸುಡುವಷ್ಟು ಬಿಸಿಯಾಗಿ ಮಗುವಿನ ಬಾಯಿ ಸುಡಬಹುದು. ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡಿಯೇ ಕುಡಿಸಬೇಕು. ಫ್ರಿಜ್ಜಿನಲ್ಲಿ ಪೂರ್ತಿ ಕರಗಿದ ಹಾಲನ್ನು 24 ಗಂಟೆಯೊಳಗೆ ಬಳಸಬೇಕು, ಮತ್ತೆ ಹೆಪ್ಪುಗಟ್ಟಿಸಬಾರದು. ಬೆಚ್ಚಗಾಗಿಸಿದ್ದನ್ನೂ, ಮಗು ಕುಡಿದು ಬಿಟ್ಟದ್ದನ್ನೂ 2 ಗಂಟೆಯೊಳಗೆ ಮುಗಿಸಬೇಕು. ಕರಗಿದ ಹಾಲಿಗೆ ಕೆಲವೊಮ್ಮೆ ಸಾಬೂನಿನಂಥ ವಾಸನೆ ಬರುತ್ತದೆ. ಹಾಲಿನಲ್ಲೇ ಇರುವ ಒಂದು ಕಿಣ್ವ ಅದಕ್ಕೆ ಕಾರಣ, ಮಗುವಿಗೆ ತೊಂದರೆಯಿಲ್ಲ. ಹುಳಿ ವಾಸನೆ ಬಂದರೆ ಮಾತ್ರ ಚೆಲ್ಲಬೇಕು.

ನಾನು ಕುಡಿಸಿದ್ದು ಕುದಿಸಿ ತೆಗೆದ ಒಳಲೆಯಲ್ಲಿ. ರಬ್ಬರಿನ ನಿಪ್ಪಲ್ಲಿಗಿಂತ ಅದನ್ನು ಶುಚಿಯಾಗಿಡುವುದು ಸುಲಭ. ಮಗುವನ್ನು ತುಸು ಎತ್ತರಿಸಿ ಕೂರಿಸಿಕೊಂಡು, 'ಬಿಸ್ಮಿಲ್ಲಾಹ್' ಹೇಳಿ, ಅವನು ನುಂಗುವ ಹದ ನೋಡಿ ಹನಿಹನಿಯಾಗಿ ಬಿಡುತ್ತಿದ್ದೆ.

ಸೊಸೆಗೆ ನಾನು ಕಲಿಸಿದ ಒಂದು ಪಾಠವೂ ಇದೆ. ಮಳೆಗಾಲದಲ್ಲಿ ನನ್ನ ಮಗಳು ಬಾಣಂತನಕ್ಕೆ ಮನೆಗೆ ಬಂದಳು. ಫ್ರಿಜ್ಜಿನಲ್ಲಿ ಈಗ ಇಬ್ಬರು ತಾಯಂದಿರ ಹಾಲು. ಬಾಟಲಿಗಳ ಮೇಲೆ ತಾರೀಕು ಮಾತ್ರ ಇತ್ತು. "ಹೆಸರನ್ನೂ ಬರೆಯಿರಿ" ಎಂದೆ. ಹಾಲಿನ ಸಂಬಂಧ ರಕ್ತ ಸಂಬಂಧದಂತೆಯೇ ವಿವಾಹವನ್ನು ನಿಷಿದ್ಧಗೊಳಿಸುತ್ತದೆ. ಎದೆಗೆ ಬಾಯಿಟ್ಟು ಕುಡಿಯದೆ, ತೆಗೆದ ಹಾಲನ್ನು ಪಾತ್ರೆಯಿಂದ ಕುಡಿದರೂ ಇದು ಅನ್ವಯಿಸುತ್ತದೆಂಬುದು ಬಹುಪಾಲು ವಿದ್ವಾಂಸರ ನಿಲುವು. ಎರಡು ವರ್ಷದೊಳಗಿನ ಮಗು ಐದು ಬಾರಿ ಕುಡಿದರೆ ಎಂದು ಶಾಫಿಈ ಮದ್‌ಹಬ್, ಸ್ವಲ್ಪವೇ ಕುಡಿದರೂ ಸಾಕೆಂದು ಹನಫೀ ಮದ್‌ಹಬ್. ಅತ್ತೆ-ಮಾವಂದಿರ ಮಕ್ಕಳ ನಡುವೆ ಸಂಬಂಧ ಬೆಳೆಸುವ ನಮ್ಮಂಥ ಮನೆಗಳಲ್ಲಿ ಇದು ಸಣ್ಣ ವಿಷಯವಲ್ಲ. ಅಂದಿನಿಂದ ಒಬ್ಬಳ ಬಾಟಲಿಗೆ ಹಸಿರು ದಾರ, ಇನ್ನೊಬ್ಬಳದಕ್ಕೆ ಕೆಂಪು.

ಅದೇ ಮಳೆಗಾಲದಲ್ಲಿ ಒಂದು ರಾತ್ರಿ ಗಾಳಿಮಳೆಗೆ ಮರ ಬಿದ್ದು ಕರೆಂಟು ಹೋಯಿತು. ಫ್ರೀಝರಿನಲ್ಲಿ ಏಳು ಬಾಟಲಿ ಹಾಲಿತ್ತು. ಸೊಸೆ ರಾತ್ರಿ ಪಾಳಿಯಲ್ಲಿದ್ದಳು. ಫ್ರೀಝರಿನ ಬಾಗಿಲನ್ನು ಯಾರೂ ತೆರೆಯಬಾರದೆಂದು ಕುರ್ಚಿ ಅಡ್ಡ ಇಟ್ಟು ಕಾದೆ. ಬೆಳಿಗ್ಗೆ ಕರೆಂಟು ಬಂದಾಗ ಟಾರ್ಚು ಹಿಡಿದು ಒಂದೊಂದನ್ನೇ ನೋಡಿದೆ. ಐದರಲ್ಲಿ ಇನ್ನೂ ಐಸಿನ ಹರಳುಗಳಿದ್ದವು. ಹಾಗಿದ್ದರೆ ಮತ್ತೆ ಹೆಪ್ಪುಗಟ್ಟಲು ಬಿಡಬಹುದು. ಪೂರ್ತಿ ಕರಗಿಯೂ ತಣ್ಣಗಿದ್ದ ಎರಡನ್ನು ಕೆಳಗಿಳಿಸಿ ಅಂದೇ ಕುಡಿಸಿದೆ. ಸೊಸೆ ಬಂದಾಗ, "ಒಂದು ಹನಿಯೂ ಹೋಗಿಲ್ಲ" ಎಂದೆ. ಅವಳು ಬ್ಯಾಗನ್ನೂ ಇಳಿಸದೆ ನನ್ನ ಹೆಗಲಿಗೆ ತಲೆಯಿಟ್ಟು ನಿಂತಳು.

ಇಚ್ಛಿಸುವ ತಾಯಂದಿರು ಪೂರ್ಣ ಎರಡು ವರ್ಷ ಹಾಲುಣಿಸುವ ವಿಷಯ ಅಲ್ ಬಕರ ಅಧ್ಯಾಯದ 233ನೇ ವಚನದಲ್ಲಿದೆ. ಅದನ್ನು ನಾನು ಎಷ್ಟೋ ಹೆಣ್ಮಕ್ಕಳಿಗೆ ಕಲಿಸಿದ್ದೇನೆ. ದುಡಿಯಲು ಹೋಗುವ ತಾಯಿ ಅದನ್ನು ಪೂರೈಸಬೇಕಾದರೆ ಮನೆಯಲ್ಲಿ ಉಳಿಯುವವರ ಕೈಯೂ ಜೊತೆಗಿರಬೇಕೆಂದು ನನಗೆ ತಿಳಿದದ್ದು ಮಾತ್ರ ಕಳೆದ ವರ್ಷ.

ಅತ್ತೆಯಂದಿರೇ, ಅಜ್ಜಿಯಂದಿರೇ, ಸೊಸೆ ಹಸಿದ ಹೊಟ್ಟೆಯಲ್ಲಿ ಕುಳಿತು ತೆಗೆದಿಟ್ಟ ಆ ಪುಟ್ಟ ಬಾಟಲಿ ನಮ್ಮ ಕೈಗೆ ಒಪ್ಪಿಸಿದ ಅಮಾನತು. ನೋಡಲು ಒಡೆದಂತೆ ಕಂಡರೆ ಸುರಿಯುವ ಮೊದಲು ಅವಳಿಗೊಂದು ಫೋನು ಮಾಡಿ ಕೇಳಿ. ನಾನು ಕೇಳದೆ ಸುರಿದ ಎರಡು ಬಾಟಲಿಗಳ ಲೆಕ್ಕ ಇನ್ನೂ ನನ್ನ ಮನಸ್ಸಿನಲ್ಲಿದೆ.