ಬಾಣಂತಿ ಕೋಣೆಗೆ ಕ್ಯಾಮೆರಾ ಬಂದಾಗ

ಹಾನಗಲ್ಲ, ಶಿಗ್ಗಾಂವಿ, ಸವಣೂರು, ಹಿರೇಕೆರೂರು ಕಡೆ ನಮ್ಮ ಕಾಲದ ಮಕ್ಕಳ ಮೊದಲ ಫೋಟೋ ಜಾವಳ ತೆಗೆಸಿದ ಮೇಲಿನದು. ಬೋಳು ತಲೆ, ಕೆನ್ನೆಗೆ ದೃಷ್ಟಿಬೊಟ್ಟು, ಹಿಂದೆ ಸ್ಟುಡಿಯೋದವರು ಬಣ್ಣ ಬಳಿದ ಪರದೆ. ಅದಕ್ಕಿಂತ ಮೊದಲು ಕೂಸು ಹೇಗಿತ್ತೆಂದು ಕೇಳಿದರೆ ಅವ್ವನ ನೆನಪೊಂದೇ ಸಾಕ್ಷಿ. ಈಗ ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳು ಎಂಟನೆಯ ತಿಂಗಳಲ್ಲೇ ಮಾತು ತೆಗೆಯುತ್ತಾರೆ: “ಅವ್ವಾ, ಕೂಸಿನ ಫೋಟೋ ತಗಿಯಾಕ ಹುಬ್ಬಳ್ಳಿಯಿಂದ ಬರತಾರಂತ.” ಒಳಗಿನಿಂದ ಉತ್ತರ ಬರುತ್ತದೆ: “ತೊಟ್ಟಿಲಿಗೆ ಹಾಕೂಮಟ ಹೊರಗಿನವರನ್ನ ಒಳಗ ಬಿಡಂಗಿಲ್ಲ ನೋಡವಾ.”

ನನಗೆ ಇಬ್ಬರ ಮಾತೂ ಸರಿ ಅನಿಸುತ್ತದೆ. ಫೋಟೋದವರು ಕೇಳುವುದು ಐದರಿಂದ ಹದಿನಾಲ್ಕು ದಿನದೊಳಗಿನ ಕೂಸನ್ನು. ಆಗ ಅದಕ್ಕೆ ಗಾಢ ನಿದ್ದೆ, ಹೊಟ್ಟೆಯೊಳಗೆ ಮಡಿಚಿಕೊಂಡಿದ್ದಂತೆಯೇ ಕೈಕಾಲು ಮಡಿಚಿ ಮಲಗುತ್ತದೆ. ತಿಂಗಳಾಯಿತೆಂದರೆ ಕೈಕಾಲು ಬಡಿಯುತ್ತ ಹೆಚ್ಚು ಹೊತ್ತು ಎಚ್ಚರವಾಗಿರುತ್ತದೆ. ಹಿರಿಯರು ಹೊರಗಿನವರನ್ನು ತಡೆಯುವುದೂ ಸುಮ್ಮನೆ ಅಲ್ಲ. ಎಳೆ ಮೈಗೆ ನಂಜು ಬೇಗ ತಗಲುತ್ತದೆ. ನಮ್ಮಲ್ಲಿ ತೊಟ್ಟಿಲ ಕಾರ್ಯ ಹೆಚ್ಚಾಗಿ ಹನ್ನೆರಡನೆಯದೋ ಹದಿಮೂರನೆಯದೋ ದಿನ. ಹಾಗಾಗಿ ಅದೇ ದಿನ ಬೆಳಿಗ್ಗೆ, ಬೀಗರು ಬರುವ ಮೊದಲು ಫೋಟೋ ಮುಗಿಸಿದರೆ ಯಾರ ಮಾತೂ ಮುರಿಯುವುದಿಲ್ಲ. ಹೆರಿಗೆಯ ದಿನ ನಮ್ಮ ಕೈಯಲ್ಲಿಲ್ಲ, ಮುಂಗಡ ಮಾತಾಡುವಾಗ ಅಂದಾಜು ತಾರೀಖು ಮಾತ್ರ ಹೇಳಬೇಕು. ಕೂಸು ದಿನ ತುಂಬದೆ ಹುಟ್ಟಿದ್ದರೆ, ಕಾಮಾಲೆ ಇಳಿಯದಿದ್ದರೆ ಡಾಕ್ಟರ ಮಾತೇ ಕಡೆಯದು.

ಹೊತ್ತಿನ ವಿಷಯದಲ್ಲಿ ನಮ್ಮ ಅಜ್ಜಿಯಂದಿರಿಗೆ ತಿಳಿದದ್ದನ್ನು ಯಾವ ಸ್ಟುಡಿಯೋವೂ ಕಲಿಸಲಾರದು. ಅಲ್ಲಿ ಹೀಟರ್ ಹಚ್ಚುತ್ತಾರೆ, ಮಳೆಯ ಸದ್ದು ಕೇಳಿಸಿ ಮಲಗಿಸುತ್ತಾರೆ. ಇಲ್ಲಿ ಎಣ್ಣೆ ಹಚ್ಚಿ ತೀಡಿ, ಕಾಲ ಮೇಲೆ ಹಾಕಿಕೊಂಡು ಬಿಸಿನೀರು ಎರೆದು, ಹಾಲು ಕುಡಿಸಿ ಮಲಗಿಸಿದರೆ ಕೂಸು ಮಿಸುಕುವುದಿಲ್ಲ. ಕ್ಯಾಮೆರಾ ಕೆಲಸ ಮಾಡಬೇಕಾದ್ದು ಆ ನಿದ್ದೆಯಲ್ಲಿ. ಲೋಬಾನದ ಹೊಗೆಯೊಂದು ಬೇಡ, ಎಳೆ ಶ್ವಾಸಕ್ಕೆ ಅದು ಒಳ್ಳೆಯದಲ್ಲ. ಬೆಳಕಿಗೂ ದೀಪ ಹೊತ್ತು ತರಬೇಕಿಲ್ಲ. ಮಾಳಿಗೆ ಮನೆಯ ಬೆಳಕಿಂಡಿಯಿಂದ ಒಂಬತ್ತು-ಹತ್ತರ ಹೊತ್ತಿಗೆ ಇಳಿಯುವ ಬೆಳಕಿನ ಮಗ್ಗುಲಲ್ಲಿ ಹೊರಸು ಹಾಕಿದರೆ ಫ್ಲ್ಯಾಶಿನ ಗೊಡವೆಯೇ ಇಲ್ಲ. ಹಾನಗಲ್ಲಿನ ಮಳೆಗಾಲದ ಮೋಡ ಕವಿದ ದಿನಗಳಲ್ಲಿ ಮಾತ್ರ ಬಾಗಿಲ ಹತ್ತಿರ ಸರಿಯಬೇಕು.

ಇನ್ನು ಸಾಮಾನು. ಆನ್ ಗೆಡ್ಡೆಸ್ ಎಂಬ ಆಸ್ಟ್ರೇಲಿಯಾದ ಛಾಯಾಗ್ರಾಹಕಿಯ ‘ಡೌನ್ ಇನ್ ದ ಗಾರ್ಡನ್’ ಪುಸ್ತಕ 1996ರಲ್ಲಿ ಬಂತು. ಹೂವಿನೊಳಗೆ, ಎಲೆಯೊಳಗೆ ಕೂಸುಗಳನ್ನು ಕಂಡು ಜಗತ್ತು ಮರುಳಾಯಿತು. ಈಗ ಎಲ್ಲ ಊರಲ್ಲೂ ಅದೇ ಬುಟ್ಟಿ, ಅದೇ ಮೊಲದ ಕಿವಿಯ ಟೋಪಿ. ನಮ್ಮ ಮನೆಯಲ್ಲೇನು ಕಡಿಮೆ ಇದೆ? ಮುತ್ತಜ್ಜಿಯ ಹಳೆ ಸೀರೆಗಳನ್ನು ಕೂಡಿಸಿ ಹೊಲಿದ ಕೌದಿ ಇದೆ, ಗುಳೇದಗುಡ್ಡದ ಖಣದಲ್ಲಿ ಹೊಲಿದ ಕುಂಚಿಗೆ ಇದೆ. ನಮ್ಮ ಸೀಮೆಗೆ ಹತ್ತಿರವೇ ಕಲಘಟಗಿ. ಅಲ್ಲಿನ ಚಿತ್ರಗಾರರು ಸಾಗವಾನಿ ಕಟ್ಟಿಗೆಯ ಮೇಲೆ ಪುರಾಣದ ಚಿತ್ರ ಬರೆದು ಅರಗಿನ ಹೊಳಪು ಕೊಟ್ಟ ತೊಟ್ಟಿಲಲ್ಲಿ ತಲೆಮಾರುಗಳು ಮಲಗೆದ್ದಿವೆ. ಅಂಥ ತೊಟ್ಟಿಲು ಅಟ್ಟದ ಮೇಲಿರುವಾಗ ಪ್ಲಾಸ್ಟಿಕ್ ಚಂದ್ರನನ್ನು ಬಾಡಿಗೆಗೆ ತರುವುದು ನನಗೆ ಸಂಕಟದ ಮಾತು.

ಸವಣೂರಿನ ಆ ದೈತ್ಯ ದೊಡ್ಡಹುಣಸೆ ಮರಗಳ ಕೆಳಗೋ, ಹಾನಗಲ್ಲಿನ ತಾರಕೇಶ್ವರ ಗುಡಿಯ ಕಮಲದ ಛತ್ತಿನ ಕೆಳಗೋ ತೆಗೆಸಬೇಕೆಂಬ ಆಸೆ ಕೆಲವರಿಗೆ. ತೆಗೆಸಲಿ, ಆದರೆ ಕೂಸಿನ ಕುತ್ತಿಗೆ ನಿಂತು ಅದು ತಾನೇ ಕೂಡುವಂತಾದ ಮೇಲೆ. ಗದ್ದಕ್ಕೆ ಕೈಕೊಟ್ಟು ಕೂತ ಹಸುಗೂಸಿನ ಚಿತ್ರ ನೋಡಿರುತ್ತೀರಿ. ಬಲ್ಲವರು ಅದನ್ನು ಒಂದೇ ಸಲಕ್ಕೆ ತೆಗೆಯುವುದಿಲ್ಲ. ಒಮ್ಮೆ ತಲೆ ಹಿಡಿದು, ಇನ್ನೊಮ್ಮೆ ಕೈ ಹಿಡಿದು ತೆಗೆದ ಎರಡು ಫೋಟೋ ಕೂಡಿಸುತ್ತಾರೆ. ಹಿಡಿಯದೆ ಹಾಗೇ ಕೂಸನ್ನು ಕೂರಿಸುತ್ತೇನೆ ಎನ್ನುವವನನ್ನು ಮನೆಯಿಂದ ಕಳಿಸಿಬಿಡಿ. ಕೈ ತೊಳೆಯದವನನ್ನೂ, ನೆಗಡಿ ಇದ್ದವನನ್ನೂ ಅಷ್ಟೇ.

ಫೋಟೋ ತೆಗೆಸುವ ಗಡಿಬಿಡಿಯಲ್ಲಿ ಬಾಣಂತಿಯನ್ನು ಮರೆಯಬೇಡಿ. ತಲೆಗೆ ಬಟ್ಟೆ ಕಟ್ಟಿಕೊಂಡು, ನಿದ್ದೆಗೆಟ್ಟ ಕಣ್ಣಲ್ಲೇ ಆಕೆ ಕೂಸನ್ನು ಎತ್ತಿಕೊಂಡಿರಲಿ. ದಿನಾ ಎರೆಯುವ ಅಜ್ಜಿಯನ್ನೂ ಪಕ್ಕಕ್ಕೆ ಕೂಡಿಸಿ. ಫೋನಿನಲ್ಲೇ ಬಿಡದೆ ಪ್ರಿಂಟ್ ಹಾಕಿಸಿ, ಹಿಂದೆ ಎಲ್ಲರ ಹೆಸರು, ಊರು, ತಾರೀಖು ಬರೆದಿಡಿ.