ಡಿ ಅಂದ್ರೆ ದಾವಣಗೆರೆ ಅಲ್ಲ

ನನ್ನ ಹತ್ತಿರ ಒಂದು ನೇವಿ ಬ್ಲೂ ಟೋಪಿ ಇದೆ. ಮುಂದೆ ಬಿಳಿ ದಾರದಲ್ಲಿ ಹಳೇ ಶೈಲಿಯ ಇಂಗ್ಲಿಷ್ ‘ಡಿ’ ಅಕ್ಷರ. ಕಾಲೇಜಿಗೆ ಸೇರಿದ ಮೊದಲ ವಾರದಿಂದ ಎಲ್ಲರೂ ಅದನ್ನ ದಾವಣಗೆರೆಯ ಡಿ ಅಂತಲೇ ಅಂದ್ಕೊಂಡಿದ್ದಾರೆ. ನಾನೂ ದಾವಣಗೆರೆಯವನೇ, ಅದಕ್ಕೇ ತಿದ್ದೋಕೆ ಹೋಗಿರಲಿಲ್ಲ. ಈಗ ಬರೆದೇ ಬಿಡ್ತೀನಿ. ಅದು ಡೆಟ್ರಾಯಿಟ್ ಟೈಗರ್ಸ್ ಅನ್ನೋ ಬೇಸ್‌ಬಾಲ್ ಟೀಮಿನ ಟೋಪಿ. ಅಮೆರಿಕದಿಂದ ರಜೆಗೆ ಬಂದಾಗ ಚಿಕ್ಕಪ್ಪ ತಂದುಕೊಟ್ಟಿದ್ದು. 2024ರ ಆಗಸ್ಟ್‌ನಿಂದ ಅಕ್ಟೋಬರ್‌ವರೆಗೆ ನಾನು ಕ್ಲಾಸಲ್ಲಿ ತೂಕಡಿಸ್ತಾ ಕೂತಿರೋಕೆ ಆ ಟೀಮೇ ಕಾರಣ. ಗೇಮಿಂಗ್ ಅಲ್ಲ, ಗರ್ಲ್‌ಫ್ರೆಂಡೂ ಅಲ್ಲ.

ಬೇಸ್‌ಬಾಲ್ ಅಂದ್ರೆ ನಮ್ಮ ರೂಮಲ್ಲಿ ಎಲ್ಲರಿಗೂ ‘ಲಗೋರಿ ಥರ ಏನೋ’. ಸ್ವಲ್ಪ ಹೇಳಿಬಿಡ್ತೀನಿ, ಇಲ್ಲಾಂದ್ರೆ ಮುಂದಿನ ಕಥೆ ಅರ್ಥ ಆಗಲ್ಲ. ಒಂದು ಮ್ಯಾಚ್‌ಗೆ 9 ಇನ್ನಿಂಗ್ಸ್. ಒಂದೊಂದು ಇನ್ನಿಂಗ್ಸ್‌ನಲ್ಲೂ ಎರಡೂ ಟೀಮ್ ಬ್ಯಾಟ್ ಮಾಡ್ತವೆ, ಮೂರು ಔಟ್ ಆದ ಮೇಲೆ ಬದಲಾಗ್ತವೆ. ಓವರ್ ಲಿಮಿಟ್ ಇಲ್ಲ. ಒಂದು ಟೀಮಿನ 27 ಔಟ್ ತೆಗೀಬೇಕು, ಅಷ್ಟೇ. ಆದರೆ ಬೇಸ್‌ಬಾಲ್‌ನ ವಿಶೇಷ ಮ್ಯಾಚಲ್ಲಿಲ್ಲ, ಸೀಸನ್‌ನಲ್ಲಿದೆ. ಐಪಿಎಲ್ ಲೀಗ್‌ನಲ್ಲಿ ಒಂದು ಟೀಮಿಗೆ 14 ಮ್ಯಾಚ್. ಇಲ್ಲಿ 162! ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ ಹೆಚ್ಚುಕಮ್ಮಿ ದಿನಾ ಮ್ಯಾಚ್. ಹಾಲು ಬಂದಂಗೆ, ಪೇಪರ್ ಬಂದಂಗೆ. ಒಂದು ಮ್ಯಾಚ್ ಸೋತರೆ ಯಾರೂ ಅಳಲ್ಲ. ಆದರೆ ಆಗಸ್ಟ್ ಬಂತು ಅಂದ್ರೆ ಲೆಕ್ಕ ಶುರು. ಅವರಿಗೆ ಬೇಸಿಗೆಯ ಕೊನೆ, ನಮಗೆ ಶ್ರಾವಣ.

ಚಿಕ್ಕಪ್ಪ ಡೆಟ್ರಾಯಿಟ್ ಪಕ್ಕದ ನೋವಾಯ್ ಅನ್ನೋ ಊರಲ್ಲಿದ್ದ. (ಸ್ಪೆಲ್ಲಿಂಗ್ ನೋಡಿದರೆ ಯಾರಾದ್ರೂ ನೋವಿ ಅಂತಲೇ ಓದ್ತಾರೆ. ನಮ್ಮಜ್ಜಿ ಕೊನೇವರೆಗೂ ‘ನೋವಿನ ಊರು’ ಅಂತಲೇ ಕರೀತಿದ್ದಳು.) ಎಂಎಸ್ ಮಾಡೋಕೆ ಹೋದವನು ಅಲ್ಲೇ ಕಾರಿನ ಬಿಡಿಭಾಗ ಮಾಡೋ ಕಂಪನಿಯಲ್ಲಿ ಕೆಲಸ ಹಿಡಿದ. 2014ರಲ್ಲಿ ಟೈಗರ್ಸ್ ಪ್ಲೇಆಫ್‌ಗೆ ಹೋಗಿದ್ದನ್ನ ನೋಡಿ ಫ್ಯಾನ್ ಆದ. ಟೈಮಿಂಗ್ ನೋಡಿ. ಆಮೇಲೆ ಹತ್ತು ವರ್ಷ ಟೈಗರ್ಸ್ ಪ್ಲೇಆಫ್ ಮುಖವನ್ನೇ ನೋಡಲಿಲ್ಲ. 2019ರಲ್ಲಂತೂ 47 ಗೆದ್ದು 114 ಸೋತರು. ಅದೇ ಟೀಮಿನ ಟೋಪಿಯನ್ನ ಹೆಮ್ಮೆಯಿಂದ ನಂಗೆ ತಂದುಕೊಟ್ಟಿದ್ದ. ಆರ್‌ಸಿಬಿ ಫ್ಯಾನ್‌ಗಳಿಗೆ ಇದನ್ನ ಹೆಚ್ಚು ವಿವರಿಸಬೇಕಿಲ್ಲ.

ಇಲ್ಲೊಂದು ತಮಾಷೆ ಇದೆ. ಮೇಜರ್ ಲೀಗ್‌ನವರ ಸ್ಟ್ರೀಮಿಂಗ್ ಆ್ಯಪ್‌ನಲ್ಲಿ 2024ರಲ್ಲಿ ಟೈಗರ್ಸ್ ಮ್ಯಾಚನ್ನ ಆ ಪ್ರದೇಶದವರಿಗೇ ಲೈವ್ ತೋರಿಸ್ತಿರಲಿಲ್ಲ. ‘ಬ್ಲಾಕ್‌ಔಟ್’ ಅಂತಾರೆ. ಲೋಕಲ್ ಟಿವಿ ಚಾನೆಲ್‌ಗೆ ನಷ್ಟ ಆಗಬಾರದು ಅಂತ. ಅಂದ್ರೆ ಸ್ಟೇಡಿಯಂನಿಂದ ಕಾರಲ್ಲಿ ಮುಕ್ಕಾಲು ಗಂಟೆ ದೂರದಲ್ಲಿದ್ದ ಚಿಕ್ಕಪ್ಪನಿಗೆ ಮ್ಯಾಚ್ ಕಾಣಲ್ಲ, ಅವನದೇ ಪಾಸ್‌ವರ್ಡ್ ಹಾಕ್ಕೊಂಡು ಹಾಸ್ಟೆಲ್ ಬೆಡ್ ಮೇಲೆ ಬಿದ್ದಿರೋ ನಂಗೆ ಕಾಣತ್ತೆ. ಆ ಕೇಬಲ್ ಚಾನೆಲ್‌ಗೆ ಬೇರೆ ದುಡ್ಡು ಕೊಡೋಕೆ ಅವನಿಗೆ ಮನಸ್ಸಿಲ್ಲ, ಹಂಗಾಗಿ ರೇಡಿಯೊದಲ್ಲಿ ಕಾಮೆಂಟರಿ ಕೇಳ್ತಿದ್ದ. ನನ್ನ ಸ್ಟ್ರೀಮ್ ರೇಡಿಯೊಗಿಂತ ಅರ್ಧ ನಿಮಿಷ ಹಿಂದೆ. ನಂಗಿನ್ನೂ ಪಿಚರ್ ಕೈಯಲ್ಲೇ ಬಾಲ್ ಕಾಣಿಸ್ತಿರುವಾಗ ವಾಟ್ಸಾಪ್‌ನಲ್ಲಿ ‘ಈಗ ನೋಡಲೇ’ ಅಂತ ಮೆಸೇಜ್ ಬರ್ತಿತ್ತು. ಏನಾಗತ್ತೆ ಅಂತ ಯಾವತ್ತೂ ಹೇಳ್ತಿರಲಿಲ್ಲ, ಅದು ನಮ್ಮ ನಡುವಿನ ರೂಲ್. ಆದರೆ ‘ಈಗ ನೋಡಲೇ’ ಅಂದ್ರೆ ಏನೋ ಒಂದು ಆಗತ್ತೆ.

ಅಲ್ಲಿ ಸಂಜೆ 6:40ಕ್ಕೆ ಮ್ಯಾಚ್ ಅಂದ್ರೆ ನಮಗೆ ಬೆಳಗಿನ ಜಾವ 4:10. ಮಧ್ಯಾಹ್ನ 1:10ರ ಮ್ಯಾಚ್ ನಮಗೆ ರಾತ್ರಿ 10:40. ಅದು ಹಬ್ಬ, ನಿದ್ದೆ ಕೆಡಲ್ಲ.

ಈಗ ಆಗಸ್ಟ್‌ಗೆ ಬರೋಣ. ಜುಲೈ 30 ಆಟಗಾರರನ್ನ ಅದಲುಬದಲು ಮಾಡೋಕೆ ಕೊನೇ ದಿನ. ಸೋಲೋ ಟೀಮ್‌ಗಳು ಒಳ್ಳೇ ಆಟಗಾರರನ್ನ ಕೊಟ್ಟು ಎಳೇ ಹುಡುಗರನ್ನ ತಗೋತಾರೆ. ಟೈಗರ್ಸ್ ತಮ್ಮ ಎರಡನೇ ಒಳ್ಳೇ ಪಿಚರ್ ಜ್ಯಾಕ್ ಫ್ಲಹರ್ಟಿಯನ್ನ ಡಾಡ್ಜರ್ಸ್‌ಗೆ ಕೊಟ್ಟುಬಿಟ್ಟರು. ಇನ್ನೂ ಮೂವರನ್ನ ಬೇರೆ ಟೀಮ್‌ಗಳಿಗೆ ಕೊಟ್ಟರು. ಅಂದ್ರೆ ಮ್ಯಾನೇಜ್‌ಮೆಂಟೇ ಈ ವರ್ಷ ಮುಗೀತು ಅಂದಂಗೆ. ಆಗಸ್ಟ್ 10ಕ್ಕೆ ಲೆಕ್ಕ: 55 ಗೆಲುವು, 63 ಸೋಲು. ಫ್ಯಾನ್‌ಗ್ರಾಫ್ಸ್ ಅನ್ನೋ ಅಂಕಿಅಂಶದ ಸೈಟ್ ಟೈಗರ್ಸ್ ಪ್ಲೇಆಫ್‌ಗೆ ಹೋಗೋ ಸಾಧ್ಯತೆ 0.2% ಅಂತ ತೋರಿಸ್ತು. 500ಕ್ಕೆ 1.

ಉಳಿದಿದ್ದು 44 ಮ್ಯಾಚ್. ಅದರಲ್ಲಿ 31 ಗೆದ್ದರು.

ನಮ್ಮ ಪ್ರಾಬಬಿಲಿಟಿ ಕ್ಲಾಸಲ್ಲಿ ಬೈನಾಮಿಯಲ್ ಬಂದಾಗ ನಾನು ಇದನ್ನೇ ಹಾಕಿ ನೋಡಿದೆ. ನಾಣ್ಯವನ್ನ 44 ಸಲ ಚಿಮ್ಮಿದರೆ 31 ಅಥವಾ ಹೆಚ್ಚು ಹೆಡ್ಸ್ ಬೀಳೋ ಸಾಧ್ಯತೆ ಸುಮಾರು 0.48%. 200ಕ್ಕೆ 1 ಕೂಡ ಇಲ್ಲ. ಅದೂ ನಾಣ್ಯಕ್ಕೆ. ಒಳ್ಳೇ ಪ್ಲೇಯರ್‌ಗಳನ್ನ ಕೊಟ್ಟು ಕೂತ ಟೀಮಿಗಲ್ಲ.

ಹೆಂಗೆ ಗೆದ್ದರು ಅನ್ನೋದೇ ಮಜಾ. ಟೀಮಲ್ಲಿ ನಂಬಿಕಸ್ಥ ದೊಡ್ಡ ಪಿಚರ್ ಅಂತ ಇದ್ದವನು ಒಬ್ಬನೇ, ತಾರಿಕ್ ಸ್ಕೂಬಲ್. ಎಡಗೈ, 18 ಗೆಲುವು, 228 ಸ್ಟ್ರೈಕ್‌ಔಟ್, ಆ ವರ್ಷ ಲೀಗಿನ ಅತ್ಯುತ್ತಮ ಪಿಚರ್‌ಗೆ ಕೊಡೋ ಸೈ ಯಂಗ್ ಪ್ರಶಸ್ತಿ ಅವನಿಗೇ. ಬೇರೆ ಟೀಮ್‌ಗಳಲ್ಲಿ ಅಂಥ ಸ್ಟಾರ್ಟರ್‌ಗಳು ಐದು ಜನ ಸರದಿ ಪ್ರಕಾರ ಬರ್ತಾರೆ. ಇಲ್ಲಿ ಸ್ಕೂಬಲ್ ಇಲ್ಲದ ದಿನ ಏನ್ ಮಾಡೋದು? ಮ್ಯಾನೇಜರ್ ಎ.ಜೆ. ಹಿಂಚ್ ಒಬ್ಬರಾದ ಮೇಲೆ ಒಬ್ಬರನ್ನ ಒಂದು, ಎರಡು ಇನ್ನಿಂಗ್ಸ್‌ಗೆ ಕಳಿಸ್ತಾ ಹೋದ. ಎದುರಾಳಿ ಬ್ಯಾಟರ್ ಒಬ್ಬನ ಬಾಲ್‌ಗೆ ಕಣ್ಣು ಹೊಂದಿಸಿಕೊಳ್ಳೋಷ್ಟರಲ್ಲಿ ಬೇರೆಯವನು ಬಂದಿರ್ತಾನೆ. ಅವನೇ ಅದಕ್ಕೆ ‘ಪಿಚಿಂಗ್ ಕೇಆಸ್’ ಅಂತ ಹೆಸರಿಟ್ಟ. ಬುಮ್ರಾ ಒಬ್ಬನಿಗೆ ಪೂರ್ತಿ ಸ್ಪೆಲ್ ಕೊಟ್ಟು, ಮಿಕ್ಕ ಓವರ್‌ಗಳನ್ನ ಏಳು ಜನರ ಕೈಲಿ ಹಾಕಿಸಿ ಗೆಲ್ಲೋ ಹಂಗೆ ಅಂದ್ಕೊಳ್ಳಿ. ನೋಡೋಕೆ ಗಲಿಬಿಲಿ, ಲೆಕ್ಕ ಮಾತ್ರ ಪಕ್ಕಾ.

ಸೆಪ್ಟೆಂಬರ್ 5ರಂದು ಸ್ಯಾನ್ ಡಿಯಾಗೊದಲ್ಲಿ 0-3 ಹಿಂದೆ. ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್, ಮೂರೂ ಬೇಸ್‌ನಲ್ಲಿ ನಮ್ಮವರು. ಪಾರ್ಕರ್ ಮೆಡೋಸ್ ಬ್ಯಾಟಿಂಗ್. ಫೋನ್ ನಡುಗ್ತು: ‘ಈಗ ನೋಡಲೇ’. ಅರ್ಧ ನಿಮಿಷ ಅಂದ್ರೆ ಎಷ್ಟು ಉದ್ದ ಅಂತ ಅವತ್ತು ಗೊತ್ತಾಯ್ತು. ಗ್ರ್ಯಾಂಡ್ ಸ್ಲ್ಯಾಮ್. 4-3. ಕಿರುಚೋಕೆ ಆಗಲ್ಲ, ರೂಮ್‌ಮೇಟ್ ಮಲಗಿದ್ದ. ದಿಂಬು ಕಚ್ಚಿಕೊಂಡೆ.

ಅದಾಗಿ ಎರಡು ದಿನಕ್ಕೆ ಗಣೇಶನ ಹಬ್ಬ. ಊರಿಗೆ ಹೋದಾಗ ಅಪ್ಪ ಕಡುಬು ತಿನ್ನೋವಾಗ ಮೆಲ್ಲಗೆ ಹೇಳಿದರು, ಚಿಕ್ಕಪ್ಪನ ಕೆಲಸ ಹೋಗಿದೆ ಅಂತ. ಆಗಸ್ಟ್ 8ಕ್ಕೇ. ಅಜ್ಜಿಗೆ ಹೇಳಬೇಡ, ಅವನ ಹತ್ತಿರವೂ ಎತ್ತಬೇಡ ಅಂದ್ರು.

ಎಚ್‌1ಬಿ ವೀಸಾದ ವಿಷಯ ನಮ್ಮಲ್ಲಿ ಎಂಎಸ್ ಪ್ಲಾನ್ ಮಾಡೋರಿಗೆಲ್ಲ ಗೊತ್ತು. ಆದರೆ ಈ ಭಾಗವನ್ನ ಕನ್ಸಲ್ಟೆನ್ಸಿಯವರು ಹೇಳಲ್ಲ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರಲ್ಲಿ ಇನ್ನೊಂದು ಕಂಪನಿ ನಿಮ್ಮ ಪರವಾಗಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ಥರದ ವೀಸಾಗೆ ನೀವೇ ಅರ್ಜಿ ಹಾಕಬೇಕು. ಎರಡೂ ಆಗದಿದ್ದರೆ ಹೊರಡಬೇಕು, ಹೆಂಡತಿ ಮಕ್ಕಳೂ ಕೂಡ. ಆಗಸ್ಟ್ 8ಕ್ಕೆ 60 ಸೇರಿಸಿ, ಅಕ್ಟೋಬರ್ 7. ಹತ್ತು ವರ್ಷಕ್ಕೂ ಹೆಚ್ಚು ಟ್ಯಾಕ್ಸ್ ಕಟ್ಟಿದವನಿಗೂ ಅಷ್ಟೇ, ನಿನ್ನೆ ಬಂದವನಿಗೂ ಅಷ್ಟೇ. ಈ ರೂಲ್ ಬರೆದವರು ಎರಡು ತಿಂಗಳಲ್ಲಿ ಮನೆ ಖಾಲಿ ಮಾಡಿದ್ದಾರಾ ಅಂತ ಕೇಳಬೇಕು ಅನ್ಸತ್ತೆ.

ಆಮೇಲೆ ಮೆಸೇಜ್‌ಗಳನ್ನ ಹಿಂದಕ್ಕೆ ಓದಿಕೊಂಡು ಹೋದೆ. ಆಗಸ್ಟ್ ಪೂರ್ತಿ, ಕೆಲಸದ ದಿನದ ಮಧ್ಯಾಹ್ನದ ಮ್ಯಾಚ್‌ಗಳಿಗೂ ಅವನು ಒಂದೊಂದು ಪಿಚ್‌ಗೂ ಮೆಸೇಜ್ ಹಾಕಿದ್ದ. ಕೆಲಸದ ಬಗ್ಗೆ ಒಂದಕ್ಷರ ಇಲ್ಲ. ನಾನೂ ಕೇಳಲಿಲ್ಲ. ಕೇಳಬೇಕಾ ಬೇಡ್ವಾ ಅಂತ ಬೆಳಗಿನ ಜಾವ ಟೈಪ್ ಮಾಡಿ ಅಳಿಸಿದ್ದುಂಟು. ಕೊನೆಗೆ ಅನ್ನಿಸಿದ್ದು ಇಷ್ಟು: ಅವನಿಗೆ ದಿನಾ ‘ಏನಾಯ್ತು, ಏನಾದ್ರೂ ಬಂತಾ’ ಅಂತ ಕೇಳೋರು ಹತ್ತು ಜನ ಇರ್ತಾರೆ. ಹಿಂಚ್ ಯಾಕೆ ಆರನೇ ಇನ್ನಿಂಗ್ಸ್‌ನಲ್ಲೇ ಪಿಚರ್ ಬದಲಾಯಿಸಿದ ಅಂತ ಕೇಳೋನು ನಾನೊಬ್ಬನೇ.

ಸೆಪ್ಟೆಂಬರ್‌ನಲ್ಲಿ ‘ಮ್ಯಾಜಿಕ್ ನಂಬರ್’ ಅಂತ ಒಂದು ಶುರುವಾಗತ್ತೆ. 163ರಿಂದ ನಮ್ಮ ಗೆಲುವು ಕಳೀರಿ, ಹಿಂದಿರೋ ಎದುರಾಳಿಯ ಸೋಲು ಕಳೀರಿ. ಸೊನ್ನೆ ಆದರೆ ನಾವು ಒಳಗೆ. ಮುಂದಿದ್ದ ಮಿನ್ನೆಸೋಟ ಟ್ವಿನ್ಸ್ ಸೋಲ್ತಾ ಸೋಲ್ತಾ ಹಿಂದೆ ಬಂದರು. ನಾನು ರೆಕಾರ್ಡ್ ಬುಕ್‌ನ ಕೊನೇ ಪುಟದಲ್ಲಿ ದಿನಾ ಆ ನಂಬರ್ ಬರೀತಿದ್ದೆ. ಪಕ್ಕದಲ್ಲಿ, ಯಾರಿಗೂ ಹೇಳದೆ, ಇನ್ನೊಂದು ನಂಬರ್: ಅಕ್ಟೋಬರ್ 7ಕ್ಕೆ ಎಷ್ಟು ದಿನ. ಎರಡೂ ಇಳೀತಾ ಹೋದವು. ಒಂದು ಇಳಿದರೆ ಖುಷಿ, ಇನ್ನೊಂದು ಇಳಿದರೆ ಹೊಟ್ಟೆಯಲ್ಲಿ ಸಂಕಟ. ಒಂದೇ ಪೆನ್ನು.

ಸೆಪ್ಟೆಂಬರ್ 27, ನಮಗೆ 28ರ ಬೆಳಗಿನ ಜಾವ, ಚಿಕಾಗೊ ವೈಟ್ ಸಾಕ್ಸ್ ವಿರುದ್ಧ 4-1. ಹತ್ತು ವರ್ಷದ ಮೇಲೆ ಟೈಗರ್ಸ್ ಪ್ಲೇಆಫ್‌ಗೆ. ಅದೇ ಮ್ಯಾಚ್‌ನಲ್ಲಿ ವೈಟ್ ಸಾಕ್ಸ್‌ಗೆ ಆ ವರ್ಷದ 121ನೇ ಸೋಲು. 1962ರಲ್ಲಿ ಮೆಟ್ಸ್ 120 ಸೋತಿದ್ದ ಆಧುನಿಕ ದಾಖಲೆ ಮುರೀತು. ಒಂದೇ ಮೈದಾನದಲ್ಲಿ ಒಬ್ಬರು ಶಾಂಪೇನ್ ಸುರೀತಿದ್ದಾರೆ, ಇನ್ನೊಬ್ಬರು ತಲೆ ತಗ್ಗಿಸಿ ಬ್ಯಾಗ್ ತುಂಬ್ತಿದ್ದಾರೆ. ಚಿಕ್ಕಪ್ಪ ಅವತ್ತು ಮೆಸೇಜ್ ಮಾಡಲಿಲ್ಲ, ಫೋನೇ ಮಾಡಿದ. ರೇಡಿಯೊ ಹಿಂದೆ ಜೋರಾಗಿ ಕೇಳಿಸ್ತಿತ್ತು. ‘ತಮ್ಮಾ, ನೋಡಿದ್ಯಾ?’ ಅಂದ. ಆಮೇಲೆ, ಉಸಿರು ತಗೊಂಡು, ‘ಟಿಕೆಟ್ ಬುಕ್ ಮಾಡೀನಿ. ಏಳಕ್ಕೆ ಹೊರಡ್ತೀವಿ’ ಅಂದ. ಒಂದು ಇಂಟರ್‌ವ್ಯೂ ಕೊನೇ ರೌಂಡ್‌ವರೆಗೆ ಹೋಗಿತ್ತಂತೆ. ಅಲ್ಲಿ ಹೊಸಬರನ್ನ ತಗೊಳ್ಳೋದನ್ನೇ ನಿಲ್ಲಿಸಿದರಂತೆ. ಅಷ್ಟು ಹೇಳಿ ಮತ್ತೆ ಸ್ಕೂಬಲ್ ಬಗ್ಗೆ ಮಾತು.

ಪ್ಲೇಆಫ್‌ನ ಮೊದಲ ಸುತ್ತಲ್ಲಿ ಹ್ಯೂಸ್ಟನ್‌ಗೆ ಹೋಗಿ ಎರಡೂ ಮ್ಯಾಚ್ ಗೆದ್ದರು. ಹಿಂಚ್ ಹಿಂದೆ ಅದೇ ಹ್ಯೂಸ್ಟನ್‌ನ ಮ್ಯಾನೇಜರ್ ಆಗಿದ್ದವನು, ಎದುರಾಳಿಗಳ ಸನ್ನೆ ಕದ್ದ ಹಗರಣದಲ್ಲಿ 2020ರಲ್ಲಿ ಕೆಲಸ ಕಳಕೊಂಡಿದ್ದ. ಆಮೇಲೆ ಕ್ಲೀವ್‌ಲ್ಯಾಂಡ್ ಜೊತೆ ಐದು ಮ್ಯಾಚ್‌ಗಳ ಸುತ್ತು. ಮೊದಲನೇದು 0-7. ಎರಡನೇದು ಅಕ್ಟೋಬರ್ 7ಕ್ಕೆ. ಚಿಕ್ಕಪ್ಪ, ಚಿಕ್ಕಮ್ಮ, ಆರು ವರ್ಷದ ತಂಗಿ, ಆರು ಸೂಟ್‌ಕೇಸ್ ಅಟ್ಲಾಂಟಿಕ್ ಮೇಲೆ ಎಲ್ಲೋ ಇದ್ದಾಗ ಮ್ಯಾಚ್ ನಡೀತಿತ್ತು. 0-0, ಒಂಬತ್ತನೇ ಇನ್ನಿಂಗ್ಸ್, ಎರಡು ಔಟ್. ಎದುರಿಗೆ ಎಮ್ಯಾನುಯೆಲ್ ಕ್ಲಾಸೇ, ಇಡೀ ಸೀಸನ್‌ನಲ್ಲಿ ಅವನ ಲೆಕ್ಕಕ್ಕೆ ಬಂದಿದ್ದ ರನ್ ಬರೀ 5. ಕೆರಿ ಕಾರ್ಪೆಂಟರ್ ಹೊಡೆದ ಒಂದೇ ಏಟಿಗೆ 3 ರನ್. ಈ ಸಲ ‘ಈಗ ನೋಡಲೇ’ ಅನ್ನೋಕೆ ಅಲ್ಲಿ ಯಾರೂ ಇರಲಿಲ್ಲ. ನಾನೇ ಪ್ರತಿ ಇನ್ನಿಂಗ್ಸ್‌ಗೂ ಮೆಸೇಜ್ ಹಾಕ್ತಾ ಹೋದೆ, ಎಲ್ಲಕ್ಕೂ ಒಂದೇ ಬೂದು ಟಿಕ್. ಬೆಳಗ್ಗೆ ಅವರು ಫ್ರಾಂಕ್‌ಫರ್ಟ್‌ನಲ್ಲಿ ಇಳಿದಾಗ ಇಪ್ಪತ್ತಮೂರೂ ಒಟ್ಟಿಗೆ ನೀಲಿಯಾದವು. ಉತ್ತರ ಬಂದಿದ್ದು ಒಂದೇ ಪದ: ‘ಕಾರ್ಪೆಂಟರ್!!’

ಮೂರನೇದು ಗೆದ್ದರು, ನಾಲ್ಕನೇದು ಸೋತರು. ಐದನೇದು ಅಕ್ಟೋಬರ್ 12, ಶನಿವಾರ. ವಿಜಯದಶಮಿ. ಅಲ್ಲಿ ಮಧ್ಯಾಹ್ನದ ಮ್ಯಾಚ್, ನಮಗೆ ರಾತ್ರಿ ಹತ್ತೂವರೆ ಮೇಲೆ.

ಸಂಜೆಯಿಂದ ಮನೆಗೆ ಬನ್ನಿ ಕೊಡೋಕೆ ಜನ. ‘ಬಂಗಾರದಂಗೆ ಇರೋಣ’ ಅಂತ ಎಲೆ ಕೈಗಿಟ್ಟು, ಎಲ್ಲರದ್ದೂ ಅದೇ ಪ್ರಶ್ನೆ: ‘ಎಷ್ಟು ದಿನ ರಜಾ? ವಾಪಸ್ ಯಾವಾಗ?’ ಚಿಕ್ಕಪ್ಪ ಪ್ರತಿಯೊಬ್ಬರಿಗೂ ‘ಸದ್ಯ ಇಲ್ಲೇ’ ಅಂದ. ಸುಮಾರು ಮೂವತ್ತು ಸಲ, ಒಂದೇ ದನಿಯಲ್ಲಿ. ಅಜ್ಜಿಗೆ ಅಷ್ಟೊತ್ತಿಗೆ ಗೊತ್ತಾಗಿತ್ತು. ಏನೂ ಕೇಳದೆ ಅವನ ತಟ್ಟೆಗೆ ಇನ್ನೊಂದು ಹೋಳಿಗೆ ಹಾಕಿದಳು.

ಮ್ಯಾಚ್‌ಗೆ ಲ್ಯಾಪ್‌ಟಾಪ್‌ನ ಟಿವಿಗೆ ಕನೆಕ್ಟ್ ಮಾಡಿದೆ. ಇಷ್ಟು ವರ್ಷದಲ್ಲಿ ಇಬ್ಬರೂ ಒಟ್ಟಿಗೆ ಕೂತು ನೋಡಿದ ಮೊದಲ ಮ್ಯಾಚ್ ಅದು. ಬ್ಲಾಕ್‌ಔಟ್ ಇಲ್ಲ, ಆರಾಮಾಗಿ ಓಪನ್ ಆಯ್ತು. ‘ಇದಕ್ಕೆ ದಾವಣಗೆರೆಗೇ ಬರಬೇಕಾಯ್ತು ನೋಡು’ ಅಂದ. ಸ್ಕೂಬಲ್ ಪಿಚಿಂಗ್. ಅಲ್ಲಿವರೆಗೆ ಪ್ಲೇಆಫ್‌ನಲ್ಲಿ ಒಂದೂ ರನ್ ಕೊಟ್ಟಿರಲಿಲ್ಲ. ನಾವು 1-0 ಮುಂದೆ. ಐದನೇ ಇನ್ನಿಂಗ್ಸ್‌ನಲ್ಲಿ ಮೂರೂ ಬೇಸ್ ತುಂಬಿದವು. ಹೊಸೆ ರಮಿರೆಜ್‌ಗೆ ಬಾಲ್ ತಾಗಿ 1-1. ಮುಂದಿನವನು ಲೇನ್ ಥಾಮಸ್. ಗ್ರ್ಯಾಂಡ್ ಸ್ಲ್ಯಾಮ್. ಸ್ಯಾನ್ ಡಿಯಾಗೊದಲ್ಲಿ ನಾವು ಹೊಡೆದದ್ದನ್ನ ಇಲ್ಲಿ ಇಸ್ಕೊಂಡ್ವಿ. 7-3ಕ್ಕೆ ಮುಗೀತು.

ನಾನು ಬೈದೆ, ಸುಮಾರು ಹೊತ್ತು. ಅವನು ಬೈಲಿಲ್ಲ. ಕೊನೇ ಔಟ್‌ವರೆಗೆ ನೋಡಿ, ಟಿವಿ ಆರಿಸಿ, ಸೋಮವಾರ ಮಗಳ ಸ್ಕೂಲ್ ಅಡ್ಮಿಶನ್ ಕೇಳೋಕೆ ಹೋಗಬೇಕು, ನಡುವರ್ಷದಲ್ಲಿ ತಗೋತಾರೋ ಇಲ್ವೋ, ನಿನ್ನ ಹಳೇ ಸ್ಕೂಲಲ್ಲಿ ಯಾರಾದ್ರೂ ಗೊತ್ತಾ ಅಂತ ಕೇಳಿದ.

ಈಗ ಬೆಂಗಳೂರಲ್ಲಿ ಒಂದು ಕಂಪನಿಯಲ್ಲಿದ್ದಾನೆ. ಸಂಬಳ ಅಲ್ಲಿಯದರ ಕಾಲು ಭಾಗ, ಟ್ರಾಫಿಕ್ ನಾಲ್ಕರಷ್ಟು ಅಂತಾನೆ. ತಂಗಿಗೆ ಕನ್ನಡ ಎರಡನೇ ಭಾಷೆ. ಅವಳ ಹೋಮ್‌ವರ್ಕ್ ಫೋಟೊ ನಂಗೆ ಕಳಿಸ್ತಾನೆ, ಒತ್ತಕ್ಷರ ಸರಿ ಇದ್ಯಾ ನೋಡು ಅಂತ. ಇಂಗ್ಲಿಷ್ ಮೀಡಿಯಂ ಹುಡುಗನಿಗೆ ಇದೊಂದು ಪ್ರಮೋಷನ್. ಆ್ಯಪ್‌ನ ಸಬ್‌ಸ್ಕ್ರಿಪ್ಷನ್ ಮಾರ್ಚ್‌ನಲ್ಲಿ ಮುಗಿಯತ್ತೆ. ಈ ಸಲ ಅರ್ಧ ದುಡ್ಡು ನಾನು ಹಾಕ್ತೀನಿ ಅಂದೆ. ‘ಮೊದಲು ಇಂಟರ್ನ್‌ಶಿಪ್ ಹುಡುಕಲೇ’ ಅಂದ.