ಡಬ್ಬಿ ಮತ್ತು ತಕ್ಕಡಿ

ನಮ್ಮ ತಂದೆಯವರ ಕಿರಾಣಿ ಅಂಗಡಿಯಲ್ಲಿ ಗಲ್ಲಾಪೆಟ್ಟಿಗೆಯ ಪಕ್ಕದಲ್ಲೊಂದು ಧರ್ಮದ ಡಬ್ಬಿಯಿತ್ತು. ಬಾಲ್ಯದಲ್ಲೊಮ್ಮೆ ನಾನು ಬೇಳೆಯನ್ನು ಕಡಮೆ ತೂಗಿ ಜಾಣತನ ಮೆರೆದೆ. ತಂದೆಯವರು ಗಿರಾಕಿಯನ್ನು ಮರಳಿ ಕರೆದು ಕೊರತೆಯನ್ನು ತುಂಬಿಕೊಟ್ಟು, “ತಕ್ಕಡಿ ಸುಳ್ಳಾದರೆ ಡಬ್ಬಿಯ ಪುಣ್ಯವೂ ಸುಳ್ಳು, ಮಗು” ಎಂದರು. ನಾಚಿ ತಲೆತಗ್ಗಿಸಿದೆ.

ಕಂಪನಿಗಳ ಧರ್ಮದ ಪ್ರಸ್ತಾಪ ಬಂದಾಗಲೆಲ್ಲ ಆ ಮಾತು ನೆನಪಾಗುತ್ತದೆ. ದೊಡ್ಡ ಕಂಪನಿಗಳು ಹಿಂದಿನ ಮೂರು ವರ್ಷಗಳ ಸರಾಸರಿ ನಿವ್ವಳ ಲಾಭದಲ್ಲಿ ಶೇಕಡಾ 2ನ್ನು ಸಮಾಜಕಾರ್ಯಕ್ಕೆ ವಿನಿಯೋಗಿಸಬೇಕೆಂದು ನಮ್ಮ 2013ರ ಕಾಯಿದೆಯ 135ನೆಯ ವಿಧಿ ಹೇಳುತ್ತದೆ. ಇದು ಡಬ್ಬಿಯ ಮಾತು. ಲಾಭ ಬರುವ ಬಗೆಯೋ, ತಕ್ಕಡಿಯ ಮಾತು. ಲಾಭದೊಡನೆ ಕೆಲಸಗಾರರ, ಊರಿನ, ಪರಿಸರದ ಹಿತವನ್ನೂ ಎಣಿಸಲು ಒಪ್ಪಿದ ಕಂಪನಿಗಳಿಗೆ ಅಮೆರಿಕದ ಮೇರಿಲ್ಯಾಂಡ್ 2010ರಲ್ಲಿ ಪ್ರತ್ಯೇಕ ವರ್ಗವನ್ನೇ ಕಲ್ಪಿಸಿತು.

ನಮಗೂ ಅಂಥ ವರ್ಗ ಬೇಕು. ಆದರೆ ತೂಕದ ಕಲ್ಲಿಗೆ ಒಮ್ಮೆ ಮುದ್ರೆಯೊತ್ತಿದರೆ ಸಾಲದು. ಮತ್ತೆ ಮತ್ತೆ ತೂಗಿ ನೋಡಬೇಕು.